ಹುಲ್ಲುಹಾಸಿನ ಪಕ್ಕದಲ್ಲೇ ಅದರ ಬದಲಿ: ಕಡಿಮೆ ನೀರಿನ ಮಾದರಿ ತೋಟವನ್ನು ಕಟ್ಟುವ ಬಗೆ

ಹುಲ್ಲುಹಾಸಿಗೆ ಬದಲಾಗಿ ಕಡಿಮೆ ನೀರು ಬೇಡುವ ಗಿಡಗಳನ್ನು ಬೆಳೆಸಬಹುದೆಂದು ಎಷ್ಟು ಕರಪತ್ರಗಳನ್ನು ಹಂಚಿದರೂ, ತಮ್ಮ ಅಂಗಳದ ಹುಲ್ಲನ್ನು ಕಿತ್ತುಹಾಕಲು ಜನ ಸುಲಭವಾಗಿ ಮನಸ್ಸು ಮಾಡುವುದಿಲ್ಲ. ಅವರ ಅನುಮಾನಗಳಲ್ಲಿ ಹುರುಳಿದೆ. ಬದಲಿ ಎಂದರೆ ಕಲ್ಲು, ಕಳ್ಳಿಗಳ ಬೋಳು ಅಂಗಳವೇ? ಮಕ್ಕಳು ಓಡಾಡಿದರೆ ಆ ಗಿಡ ಬದುಕುತ್ತದೆಯೇ? ನೀರು ಉಳಿಯುತ್ತದೆ ಎನ್ನುತ್ತೀರಿ, ಎಷ್ಟು? ಈ ಪ್ರಶ್ನೆಗಳಿಗೆ ಕಣ್ಣೆದುರು, ಕಾಲಡಿಯಲ್ಲಿ ಉತ್ತರ ಸಿಗುವಂತೆ ಮಾಡುವುದೇ ಸಾರ್ವಜನಿಕ ಮಾದರಿ ತೋಟದ ಕೆಲಸ. ಅಂಥ ತೋಟವನ್ನು ಕಟ್ಟಲು ಹೊರಟ ಬಡಾವಣೆಯ ಸಂಘ, ಶಾಲೆ, ಗ್ರಂಥಾಲಯ ಅಥವಾ ಸ್ಥಳೀಯ ಆಡಳಿತದವರಿಗಾಗಿ ಈ ಬರಹ. ಚೆಂದದ ತೋಟ ಬೇರೆ, ಮಾದರಿ ತೋಟ ಬೇರೆ. ಎರಡನೆಯದರಲ್ಲಿ ಪ್ರತಿಯೊಂದು ಮಡಿಯೂ ಪಕ್ಕದ ಮಡಿಯೊಂದಿಗೆ ಹೋಲಿಸಿ ಅಳೆಯಲು ಬರುವಂತಿರಬೇಕು.

ಈ ಪ್ರಯತ್ನಕ್ಕೆ ನಾಲ್ಕು ದಶಕಗಳ ಹಿನ್ನೆಲೆಯಿದೆ. ಅಮೆರಿಕದ ಡೆನ್ವರ್ ನಗರದ ನೀರು ಸರಬರಾಜು ಸಂಸ್ಥೆ 1981ರಲ್ಲಿ ಕಡಿಮೆ ನೀರಿನ ತೋಟಗಾರಿಕೆಗೆ ‘ಝೆರಿಸ್ಕೇಪ್’ ಎಂಬ ಪದವನ್ನು ಬಳಕೆಗೆ ತಂದಿತು. ಒಣ ಎಂಬ ಅರ್ಥದ ಗ್ರೀಕ್ ಪದ ಅದರ ಮೂಲ. ಆ ಪದವನ್ನು ‘ಝೀರೋ’ ಎಂದು ಕೇಳಿಸಿಕೊಂಡು, ಗಿಡಗಳನ್ನೇ ಸೊನ್ನೆ ಮಾಡಿ ಅಂಗಳದ ತುಂಬ ಜಲ್ಲಿ ಸುರಿದವರೂ ಇದ್ದಾರೆ. ಆ ತಪ್ಪು ತಿಳಿವಳಿಕೆಯನ್ನು ಅಳಿಸುವುದೂ ನಿಮ್ಮ ತೋಟದ ಪಾಲಿಗೆ ಬರುವ ಕೆಲಸವೇ.

ಜಾಗ ಮತ್ತು ನಕ್ಷೆ

ಜನ ಬೇರೊಂದು ಕೆಲಸಕ್ಕೆಂದು ಬಂದು ಹೋಗುವ ಜಾಗವೇ ಮಾದರಿ ತೋಟಕ್ಕೆ ಒಳ್ಳೆಯದು. ಗ್ರಂಥಾಲಯದ ಎದುರಿನ, ಬಸ್ ನಿಲ್ದಾಣದ ಪಕ್ಕದ, ನೀರಿನ ಬಿಲ್ಲು ಕಟ್ಟುವ ಕಚೇರಿಯ ಆವರಣದ ಹಳೆಯ ಹುಲ್ಲುಹಾಸು ಸಿಕ್ಕಿದರೆ, ಊರಾಚೆಯ ದೊಡ್ಡ ಮೈದಾನಕ್ಕಿಂತ ಅದನ್ನೇ ಆರಿಸಿಕೊಳ್ಳಿ. ಹಗಲಿನಲ್ಲಿ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳಬೇಕು, ನೀರಿನ ಸಂಪರ್ಕ ಹತ್ತಿರವಿರಬೇಕು, ಇಡೀ ಜಾಗದ ಮಣ್ಣು ಹೆಚ್ಚುಕಡಿಮೆ ಒಂದೇ ಬಗೆಯದಾಗಿರಬೇಕು. ಒಂದು ಮಡಿ ಮರದ ನೆರಳಿನಲ್ಲಿಯೂ ಇನ್ನೊಂದು ಉರಿಬಿಸಿಲಿನಲ್ಲಿಯೂ ಇದ್ದರೆ ಹೋಲಿಕೆಗೆ ಅರ್ಥವಿರುವುದಿಲ್ಲ. ನೆರಳಿನ ಜಾಗವೂ ಇದ್ದರೆ ಅದನ್ನು ‘ನೆರಳಿನ ಅಂಗಳ’ ಎಂಬ ಪ್ರತ್ಯೇಕ ಭಾಗವಾಗಿಯೇ ತೋರಿಸಿ.

ಪ್ರತಿಯೊಂದು ಮಡಿಯ ಅಳತೆ ಒಂದೇ ಆಗಿರಲಿ, ಮತ್ತು ಅದು ಸಾಮಾನ್ಯ ಮನೆಯ ಅಂಗಳದಷ್ಟಿರಲಿ. ನಾಲ್ಕು ಮೀಟರ್ ಅಗಲ, ಆರು ಮೀಟರ್ ಉದ್ದ, ಅಂದರೆ 24 ಚದರ ಮೀಟರ್ ಆದರೆ ಸಾಕು. ಇದಕ್ಕಿಂತ ಚಿಕ್ಕದಾದರೆ ನೋಡುವವರಿಗೆ ಕುಂಡದ ಗಿಡವನ್ನು ಕಂಡ ಹಾಗಾಗುತ್ತದೆ. ಬಹಳ ದೊಡ್ಡದಾದರೆ ‘ಇದು ನಮ್ಮಿಂದಾಗದ ಕೆಲಸ’ ಎಂದು ಮುಂದೆ ಹೋಗಿಬಿಡುತ್ತಾರೆ. ಮಡಿಗಳ ನಡುವಿನ ಕಾಲುದಾರಿ ಒಂದೂವರೆ ಮೀಟರ್ ಅಗಲವಿದ್ದು, ಗಟ್ಟಿಯಾಗಿ ಅದುಮಿದ, ಜಾರದ ನೆಲ ಅದಕ್ಕಿರಬೇಕು. ಇಳಿಜಾರು ಇಪ್ಪತ್ತಕ್ಕೆ ಒಂದಕ್ಕಿಂತ ಕಡಿದಾಗಿರಬಾರದು, ಇಲ್ಲವಾದರೆ ಗಾಲಿಕುರ್ಚಿಯಲ್ಲಿ ಬಂದವರು ಬಾಗಿಲಿನಲ್ಲೇ ಉಳಿಯಬೇಕಾಗುತ್ತದೆ.

ಹಳೆಯ ಹುಲ್ಲುಹಾಸನ್ನು ಒಂದು ಮಡಿಯಷ್ಟು ಉಳಿಸಿಕೊಳ್ಳಿ

ಈ ಸಲಹೆ ಅನೇಕರಿಗೆ ಹಿಡಿಸುವುದಿಲ್ಲ, ಆದರೆ ನನ್ನ ಮಟ್ಟಿಗೆ ಇಡೀ ತೋಟದ ಅತ್ಯಂತ ಮುಖ್ಯ ಮಡಿ ಇದೇ. ತೋಟದ ನಡುಮಧ್ಯದಲ್ಲಿ, ಉಳಿದ ಮಡಿಗಳಷ್ಟೇ ಅಳತೆಯ ಒಂದು ಹುಲ್ಲುಹಾಸನ್ನು ಸರಿಯಾಗಿ ನೀರುಣಿಸಿ, ಕತ್ತರಿಸಿ, ಅಚ್ಚುಕಟ್ಟಾಗಿ ಇಟ್ಟುಕೊಳ್ಳಬೇಕು. ಬೇಕೆಂದೇ ಅದನ್ನು ಒಣಗಿಸಿ, ಕಳೆ ಬೆಳೆಯಲು ಬಿಟ್ಟು, ಬದಲಿ ಮಡಿಗಳನ್ನು ಚೆಂದ ಕಾಣಿಸುವುದು ಮೋಸವಾಗುತ್ತದೆ. ನೋಡುವವರು ಅದನ್ನು ಕೂಡಲೇ ಗುರುತಿಸುತ್ತಾರೆ ಕೂಡ. ಹುಲ್ಲುಹಾಸು ಅದರ ಅತ್ಯುತ್ತಮ ಸ್ಥಿತಿಯಲ್ಲಿರುವಾಗಲೇ ಅದಕ್ಕೆ ತಗಲುವ ನೀರು, ಕೂಲಿ, ಗೊಬ್ಬರವನ್ನು ಪಕ್ಕದ ಮಡಿಗಳೊಂದಿಗೆ ಹೋಲಿಸಿದರೆ ಮಾತ್ರ ಆ ಲೆಕ್ಕವನ್ನು ಜನ ನಂಬುತ್ತಾರೆ.

ಹುಲ್ಲಿನ ಮೇಲೆ ಯಾವ ದ್ವೇಷವೂ ಬೇಕಿಲ್ಲ. ಮಕ್ಕಳ ಆಟಕ್ಕೆ, ಮೇಲಿಂದ ಮೇಲೆ ಬೀಳುವ ತುಳಿತಕ್ಕೆ ಹುಲ್ಲಿನಷ್ಟು ಚೆನ್ನಾಗಿ ಒಗ್ಗುವ ಹಸಿರು ಹೊದಿಕೆ ಸಿಗುವುದು ಕಷ್ಟ. ಯಾರೂ ಕಾಲಿಡದ, ಕತ್ತರಿಸುವ ಯಂತ್ರ ಮಾತ್ರ ಓಡಾಡುವ ಹುಲ್ಲು ಪ್ರಶ್ನಾರ್ಹ. ಅಮೆರಿಕದ ನೆವಾಡ ರಾಜ್ಯ 2021ರಲ್ಲಿ ಮಾಡಿದ ಕಾನೂನು ಕೂಡ ಈ ಗೆರೆಯನ್ನೇ ಎಳೆಯುತ್ತದೆ: ಲಾಸ್ ವೇಗಸ್ ಪ್ರದೇಶದಲ್ಲಿ ರಸ್ತೆಬದಿ, ಕಚೇರಿಗಳ ಆವರಣದಂಥ ಕಡೆ ಅಲಂಕಾರಕ್ಕಷ್ಟೇ ಬೆಳೆಸಿದ ಹುಲ್ಲಿಗೆ 2027ರ ಆರಂಭದಿಂದ ಕೊಲರಾಡೊ ನದಿಯ ನೀರನ್ನು ಹಾಯಿಸುವಂತಿಲ್ಲ, ಆಟದ ಮೈದಾನಗಳಿಗೂ ಒಂಟಿ ಮನೆಗಳ ಅಂಗಳಕ್ಕೂ ಅದು ಅನ್ವಯಿಸುವುದಿಲ್ಲ.

ನೀರಿನ ಲೆಕ್ಕ

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಈ ಒಂದು ಸಮೀಕರಣ ಗೊತ್ತಿದ್ದರೆ ಉಳಿದದ್ದೆಲ್ಲ ಗುಣಾಕಾರ, ಭಾಗಾಕಾರ. ನೆಲದಿಂದ ಆವಿಯಾಗುವ ನೀರು ಮತ್ತು ಎಲೆಗಳು ಹೊರಬಿಡುವ ನೀರು ಸೇರಿ ದಿನಕ್ಕೆ ಎಷ್ಟು ಮಿಲಿಮೀಟರ್ ಹೋಗುತ್ತದೆ ಎಂಬ ಅಂಕಿಯನ್ನು ಅನೇಕ ಹವಾಮಾನ ಕೇಂದ್ರಗಳು ಕೊಡುತ್ತವೆ. ಅದನ್ನು ಗಿಡದ ಗುಣಾಂಕದಿಂದ, ಅಂದರೆ ಅದರಲ್ಲಿ ಎಷ್ಟು ಪಾಲು ನೀರು ಆ ಗಿಡಕ್ಕೆ ಬೇಕೆಂದು ಹೇಳುವ ಸಂಖ್ಯೆಯಿಂದ, ಗುಣಿಸಬೇಕು. ತಂಪು ಹವೆಯ ಹುಲ್ಲುಗಳಿಗೆ ಈ ಗುಣಾಂಕ ಸುಮಾರು 0.8, ಗರಿಕೆಯಂಥ ಬೆಚ್ಚನೆ ಹವೆಯ ಹುಲ್ಲುಗಳಿಗೆ ಸುಮಾರು 0.6, ನೆಲೆಯೂರಿದ ಬರಸಹಿಷ್ಣು ಪೊದೆಗಳಿಗೆ 0.2ರ ಆಸುಪಾಸು ಎಂದು ಹಿಡಿದು ಲೆಕ್ಕ ಆರಂಭಿಸಬಹುದು.

ದಿನಕ್ಕೆ 5 ಮಿಲಿಮೀಟರ್ ನೀರು ಆವಿಯಾಗುವ ಬೇಸಿಗೆಯ, ಮಳೆಯಿಲ್ಲದ ಒಂದು ವಾರವನ್ನು ತೆಗೆದುಕೊಳ್ಳೋಣ. ವಾರಕ್ಕೆ 35 ಮಿಲಿಮೀಟರ್ ಆಯಿತು. ತಂಪು ಹವೆಯ ಹುಲ್ಲಿನ 24 ಚದರ ಮೀಟರ್ ಮಡಿಗೆ ಬೇಕಾದದ್ದು 672 ಲೀಟರ್. ಸ್ಪ್ರಿಂಕ್ಲರ್ ಚಿಮ್ಮಿಸುವ ನೀರಿನಲ್ಲಿ ನೂರಕ್ಕೆ ಎಪ್ಪತ್ತು ಪಾಲು ಮಾತ್ರ ಉಪಯೋಗಕ್ಕೆ ಬರುತ್ತದೆಂದು ಹಿಡಿದರೆ ನಾವು ಕೊಡಬೇಕಾದದ್ದು 960 ಲೀಟರ್. ಗರಿಕೆಯ ಜಾತಿಯ ಹುಲ್ಲಿಗೆ ಬದಲಾಯಿಸಿದರೆ ಅದೇ ಲೆಕ್ಕ 720 ಲೀಟರಿಗೆ ಇಳಿಯುತ್ತದೆ. ಪೊದೆಗಳ ಮಡಿಗೆ ಹನಿ ನೀರಾವರಿಯಲ್ಲಿ, ನೂರಕ್ಕೆ ತೊಂಬತ್ತು ಪಾಲು ಬೇರಿಗೆ ಸೇರುವುದಾದರೆ, 187 ಲೀಟರ್ ಸಾಕು. ಹದಿನೈದು ಲೀಟರಿನ ಕೊಡಗಳಲ್ಲಿ ಹೇಳುವುದಾದರೆ ಒಂದು ಕಡೆ 64 ಕೊಡ, ಇನ್ನೊಂದು ಕಡೆ ಹದಿಮೂರು ಕೊಡವೂ ತುಂಬುವುದಿಲ್ಲ. ಫಲಕದ ಮೇಲೆ ಲೀಟರಿನ ಜೊತೆಗೆ ಕೊಡದ ಲೆಕ್ಕವನ್ನೂ ಬರೆಸಿ. ನೀರು ಹೊತ್ತು ಗೊತ್ತಿದ್ದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಆದರೆ ಇದು ಕಾಗದದ ಮೇಲಿನ ಲೆಕ್ಕ. ಪ್ರತಿ ಮಡಿಗೂ ಪ್ರತ್ಯೇಕ ವಾಲ್ವ್, ಪ್ರತ್ಯೇಕ ನೀರಿನ ಮೀಟರ್ ಕೂಡಿಸಿ, ವಾರದ ಒಂದು ನಿಗದಿತ ದಿನ ಅಂಕಿಯನ್ನು ಬರೆದಿಟ್ಟುಕೊಳ್ಳದೆ ಹೋದರೆ ತೋಟ ಏನನ್ನೂ ಸಾಬೀತು ಮಾಡಿದಂತಾಗುವುದಿಲ್ಲ. ಲಾಸ್ ವೇಗಸ್ ಪ್ರದೇಶದ ನೀರು ಪ್ರಾಧಿಕಾರ ಹೀಗೆಯೇ ಮನೆಗಳ ಅಂಗಳಕ್ಕೆ ಪ್ರತ್ಯೇಕ ಮೀಟರ್ ಇಟ್ಟು ಹಲವು ವರ್ಷ ಅಳೆದು 2005ರಲ್ಲಿ ವರದಿಯನ್ನು ಹೊರತಂದಿತು. ಹುಲ್ಲುಹಾಸಿನ ಪ್ರತಿ ಚದರ ಅಡಿಗೆ ವರ್ಷಕ್ಕೆ 73 ಗ್ಯಾಲನ್, ಬರಸಹಿಷ್ಣು ಗಿಡಗಳ ಅಂಗಳಕ್ಕೆ 17.2 ಗ್ಯಾಲನ್ ಎಂದು ಅದರಲ್ಲಿ ಕಂಡುಬಂದಿತು. ಚದರ ಮೀಟರಿಗೆ ಸರಿಸುಮಾರು 3,000 ಮತ್ತು 700 ಲೀಟರ್ ಎಂದಾಯಿತು. ಅದು ಮರುಭೂಮಿಯ ಅಂಕಿ, ಎಲ್ಲೆಡೆಗೂ ಹೊಂದುವಂಥದ್ದಲ್ಲ. ನಿಮ್ಮ ತೋಟದ ಮೀಟರ್ ತೋರಿಸುವ ಅಂಕಿಯೇ ನಿಮ್ಮ ಊರಿನವರಿಗೆ ಬೇಕಾದದ್ದು.

ಹುಲ್ಲುಹಾಸಿನ ಮಡಿಯಲ್ಲಿ ಸಂದರ್ಶಕರ ಎದುರೇ ಮಾಡಿ ತೋರಿಸಬಹುದಾದ ಒಂದು ಪರೀಕ್ಷೆಯಿದೆ. ನೇರವಾದ ಗೋಡೆಯ, ಒಂದೇ ಅಳತೆಯ ಹದಿನಾರು ಖಾಲಿ ಡಬ್ಬಿಗಳನ್ನು ಸಮಾನ ಅಂತರದಲ್ಲಿ ಸಾಲಾಗಿ ಇಡಿ. ಸ್ಪ್ರಿಂಕ್ಲರನ್ನು ಹದಿನೈದು ನಿಮಿಷ ಓಡಿಸಿ ನಿಲ್ಲಿಸಿ. ಒಂದು ಮಗುವಿನ ಕೈಗೆ ಅಳತೆಪಟ್ಟಿ ಕೊಟ್ಟು ಪ್ರತಿ ಡಬ್ಬಿಯಲ್ಲಿ ಎಷ್ಟು ಮಿಲಿಮೀಟರ್ ನೀರು ನಿಂತಿದೆ ಎಂದು ಓದಿಸಿ. ಚಿಮ್ಮುವ ತಲೆಯ ಸಮೀಪದ ಡಬ್ಬಿಯಲ್ಲಿ ಒಂಬತ್ತು, ಮೂಲೆಯದರಲ್ಲಿ ಮೂರು ಹೀಗೆ ಅಂಕಿಗಳು ಬರುತ್ತವೆ. ಹದಿನಾರರ ಸರಾಸರಿ 6 ಇದ್ದು, ಅತಿ ಕಡಿಮೆ ನೀರು ಬಿದ್ದ ನಾಲ್ಕು ಡಬ್ಬಿಗಳ ಸರಾಸರಿ 3.6 ಇದ್ದರೆ, 3.6ನ್ನು 6ರಿಂದ ಭಾಗಿಸಿ ಸಿಗುವ ಹಂಚಿಕೆಯ ಸಮತೆ, ಅಂದರೆ ನೀರು ಎಷ್ಟು ಸಮನಾಗಿ ಬಿದ್ದಿದೆ ಎಂಬ ಅಳತೆ, ನೂರಕ್ಕೆ ಅರವತ್ತು. ಮೂಲೆಯ ಹುಲ್ಲು ಒಣಗುತ್ತಿದೆಯೆಂದು ನಾವು ಮತ್ತೆ ಹತ್ತು ನಿಮಿಷ ನೀರು ಬಿಟ್ಟಾಗ ನಡುಭಾಗಕ್ಕೆ ಬೇಡದ ನೀರು ಬಿದ್ದು ಬೇರಿನ ಕೆಳಗೆ ಇಳಿದುಹೋಗುತ್ತದೆ. ಹುಲ್ಲು ಕುಡಿಯದ ನೀರು ಪೋಲಾಗುವುದು ಹೇಗೆಂದು ಆ ಡಬ್ಬಿಗಳ ಸಾಲೇ ಹೇಳುತ್ತದೆ.

ಮಣ್ಣು ನೋಡಿ, ಹಳೆಯ ಹುಲ್ಲು ತೆಗೆಯುವುದು

ಗಿಡಗಳ ಪಟ್ಟಿ ಮಾಡುವ ಮೊದಲು ಮಣ್ಣನ್ನು ತಿಳಿದುಕೊಳ್ಳಬೇಕು. ಒಂದು ಗಾಜಿನ ಬಾಟಲಿಯ ಮೂರನೆಯ ಒಂದು ಭಾಗ ಮಣ್ಣು, ಉಳಿದದ್ದು ನೀರು ತುಂಬಿ ಚೆನ್ನಾಗಿ ಕುಲುಕಿಡಿ. ಮರಳು ಒಂದು ನಿಮಿಷದಲ್ಲಿ ತಳ ಸೇರುತ್ತದೆ, ಅದಕ್ಕಿಂತ ಸಣ್ಣ ಕಣಗಳು ಕೆಲವು ಗಂಟೆಗಳಲ್ಲಿ, ಜೇಡಿ ಕೆಳಗಿಳಿಯಲು ಒಂದು ದಿನವೋ ಹೆಚ್ಚೋ ಬೇಕು. ಪದರಗಳ ದಪ್ಪ ನೋಡಿದರೆ ಯಾವುದರ ಪ್ರಮಾಣ ಎಷ್ಟೆಂದು ತಿಳಿಯುತ್ತದೆ. ಜೊತೆಗೆ 30 ಸೆಂಟಿಮೀಟರ್ ಆಳದ ಗುಂಡಿ ತೋಡಿ, ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೆ ತುಂಬಿಸಿ, ಗಂಟೆಗೆ ಎಷ್ಟು ಇಳಿಯುತ್ತದೆ ಎಂದು ಅಳೆಯಿರಿ. ಗಂಟೆಗೆ ಎರಡೂವರೆ ಸೆಂಟಿಮೀಟರ್ ಇಳಿದರೆ ಚಿಂತೆಯಿಲ್ಲ. ಅರ್ಧ ದಿನವಾದರೂ ನೀರು ಹಾಗೆಯೇ ನಿಂತಿದ್ದರೆ, ಬರಸಹಿಷ್ಣು ಗಿಡಗಳು ಅಲ್ಲಿ ಬರದಿಂದಲ್ಲ, ಕೊಳೆತು ಸಾಯುತ್ತವೆ. ಮಡಿಯನ್ನು ಎತ್ತರಿಸಿಯೇ ನೆಡಬೇಕಾಗುತ್ತದೆ.

ಹಳೆಯ ಹುಲ್ಲನ್ನು ತೆಗೆಯುವ ಕೆಲಸದಲ್ಲಿ ಅವಸರ ಮಾಡಿದವರು ಮುಂದೆ ವರ್ಷಗಟ್ಟಲೆ ಕಳೆ ಕೀಳುತ್ತಾರೆ. ಬುಡದಲ್ಲಿ ಗುಂಪಾಗಿ ಬೆಳೆಯುವ ಹುಲ್ಲಾದರೆ ಅದನ್ನು ಮಟ್ಟಸವಾಗಿ ಕತ್ತರಿಸಿ, ಚೆನ್ನಾಗಿ ನೀರುಣಿಸಿ, ಅಂಟುಪಟ್ಟಿ ಕಿತ್ತ ರಟ್ಟಿನ ಹಾಳೆಗಳನ್ನು ಅಂಚುಗಳು ಒಂದರ ಮೇಲೊಂದು ಒಂದು ಗೇಣು ಬರುವಂತೆ ಹಾಸಿ, ಮೇಲೆ ಕಾಂಪೋಸ್ಟ್ ಮತ್ತು ಮರದ ಚಕ್ಕೆ ಹೊದಿಸಿದರೆ ಕೆಲವು ತಿಂಗಳಲ್ಲಿ ಸತ್ತು ಗೊಬ್ಬರವಾಗುತ್ತದೆ. ಗರಿಕೆಗೆ ಮಾತ್ರ ಈ ಉಪಾಯ ಸಾಲದು. ನೆಲದಡಿಯ ಅದರ ಕಾಂಡ ರಟ್ಟಿನ ಅಂಚನ್ನು ಹುಡುಕಿಕೊಂಡು ತೆವಳಿ ಮೇಲೆ ಬರುತ್ತದೆ. ಬೆರಳುದ್ದದ ತುಂಡು ಉಳಿದರೂ ಮತ್ತೆ ಚಿಗುರುತ್ತದೆ. ಅಲ್ಲಿ ವರ್ಷದ ಅತಿ ಬಿಸಿಲಿನ ದಿನಗಳಲ್ಲಿ ನೆಲವನ್ನು ತೋಯಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹಾಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂತು, ನಾಲ್ಕರಿಂದ ಆರು ವಾರ ಬೇಯಲು ಬಿಡಬೇಕು, ಆಮೇಲೂ ಉಳಿದದ್ದನ್ನು ಗುದ್ದಲಿಯಿಂದ ಅಗೆದು ಆರಿಸಬೇಕು. ಈ ಎರಡೂ ವಿಧಾನಗಳನ್ನು ಅರ್ಧಕ್ಕೆ ನಿಲ್ಲಿಸಿದ ಸ್ಥಿತಿಯಲ್ಲಿ ಒಂದೊಂದು ಚದರ ಮೀಟರ್ ಜಾಗದಲ್ಲಿ ತೋರಿಸುವುದು ಒಳ್ಳೆಯದು. ‘ಇರುವ ಹುಲ್ಲನ್ನು ಏನು ಮಾಡುವುದು’ ಎಂಬುದೇ ಮನೆಯವರ ಮೊದಲ ತೊಡಕು. ಸಿದ್ಧವಾದ ತೋಟದಲ್ಲಿ ಅದಕ್ಕೆ ಉತ್ತರ ಕಾಣಿಸುವುದಿಲ್ಲ.

ಮಡಿಗಳಲ್ಲಿ ಏನು ಬೆಳೆಸಬೇಕು

ಎಲ್ಲ ಮಡಿಗಳೂ ಒಂದೇ ಪ್ರಶ್ನೆಗೆ ಉತ್ತರ ಹೇಳಬಾರದು. ಹಸಿರು ಹಾಸೇ ಬೇಕು, ಆದರೆ ನೀರು ಕಡಿಮೆಯಿರಲಿ ಎನ್ನುವವರಿಗೆ ಗರಿಕೆ ಅಥವಾ ಜೋಯ್ಸಿಯಾ ಎಂಬ ಹುಲ್ಲಿನ ಮಡಿಯನ್ನು ತೋರಿಸಿ. ಅದನ್ನು ತೀರ ಗಿಡ್ಡವಾಗಿ ಕತ್ತರಿಸದೆ, ವಾರಕ್ಕೊಮ್ಮೆ ಆಳವಾಗಿ ನೀರುಣಿಸಿ ಬೆಳೆಸಿ. ಆಗೀಗ ಮಾತ್ರ ಕಾಲಿಡುವ ಜಾಗಕ್ಕೆ ನೆಲಕ್ಕಂಟಿ ಹರಡುವ ಗಿಡಗಳಿವೆ: ಬೆಚ್ಚನೆ ಪ್ರದೇಶದಲ್ಲಿ ನೆಲಹಿಪ್ಪಲಿ, ತಂಪು ಪ್ರದೇಶದಲ್ಲಿ ಥೈಮ್, ಕಲ್ಲುಮಣ್ಣಿನಲ್ಲಿ ಸೇಡಮ್. ನೆಲಹಿಪ್ಪಲಿಯ ಹೂವಿಗೆ ಜೇನುನೊಣ ಮುತ್ತುವುದರಿಂದ ಬರಿಗಾಲಿನ ಮಕ್ಕಳಿರುವ ಮನೆಯವರಿಗೆ ಎಚ್ಚರಿಕೆ ಹೇಳಲೇಬೇಕು. ಹರಡುವ ಗುಣವೇ ಕೆಲವೊಮ್ಮೆ ಕಂಟಕವಾಗುತ್ತದೆ. ಹಳದಿ ಹೂವಿನ ವೆಡೆಲಿಯಾ ಬೇಗನೆ ನೆಲ ಮುಚ್ಚುತ್ತದೆಂದು ಅನೇಕ ಉದ್ಯಾನಗಳಲ್ಲಿ ನೆಡುತ್ತಾರೆ, ಆದರೆ ಅದು ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿರುವ ಗಿಡ. ಲಂಟಾನವೂ ಅದೇ ಪಟ್ಟಿಯಲ್ಲಿದೆ. ಸಾರ್ವಜನಿಕ ತೋಟದಲ್ಲಿ ಇಂಥ ಗಿಡ ಕಂಡರೆ ಜನ ಅದಕ್ಕೆ ಒಪ್ಪಿಗೆ ಸಿಕ್ಕಿತೆಂದೇ ತಿಳಿದು ಒಂದು ಕಡ್ಡಿಯನ್ನು ಮುರಿದುಕೊಂಡು ಹೋಗುತ್ತಾರೆ. ನಿಮ್ಮ ಪ್ರದೇಶದ ಆಕ್ರಮಣಕಾರಿ ಸಸ್ಯಗಳ ಪಟ್ಟಿಯನ್ನು ನೋಡದೆ ಒಂದು ಗಿಡವನ್ನೂ ನೆಡಬೇಡಿ.

ಯಾರೂ ನಡೆಯದ ಜಾಗಕ್ಕೆ ಎತ್ತರದ ತೆಂಡೆ ಹುಲ್ಲುಗಳು ಮತ್ತು ಪೊದೆಗಳು ತಕ್ಕವು. ಲಾವಂಚದ ಬೇರು ಎರಡು ಮೂರು ಮೀಟರ್ ಆಳಕ್ಕೆ ಇಳಿಯುತ್ತದೆ. ಗಿಡ್ಡವಾಗಿ ಕತ್ತರಿಸಿ, ದಿನಾ ಸ್ವಲ್ಪ ಸ್ವಲ್ಪ ನೀರುಣಿಸಿದ ಹುಲ್ಲಿನ ಬೇರು ಹೆಚ್ಚಿನ ಪಾಲು ಒಂದು ಗೇಣಿನೊಳಗೇ ಉಳಿಯುತ್ತದೆ. ಇದನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ, ಒಂದು ಬದಿಗೆ ಗಾಜು ಕೂಡಿಸಿದ ಎರಡು ಎತ್ತರದ ಪೆಟ್ಟಿಗೆಗಳಲ್ಲಿ ಇವೆರಡನ್ನು ಬೆಳೆಸಿ, ಬೇರಿಗೆ ಬೆಳಕು ಬೀಳದಂತೆ ಗಾಜಿಗೆ ಕಪ್ಪು ಬಾಗಿಲು ಹಚ್ಚಿ, ನೋಡುವವರೇ ಬಾಗಿಲು ತೆರೆಯುವಂತೆ ಮಾಡಿ. ಬಾಗಿಲು ತೆರೆದವರು ಮೊದಲು ಮೇಲಿನ ಎಲೆಯನ್ನು ನೋಡಿ, ಆಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಬೇರಿನ ತುದಿಯನ್ನು ಹುಡುಕುತ್ತಾರೆ. ಒಂದೇ ಜಾತಿಯ ಗಿಡವನ್ನು ಇಡೀ ಮಡಿಗೆ ತುಂಬುವುದಕ್ಕಿಂತ, ಬೇರೆ ಬೇರೆ ಎತ್ತರದ, ಬೇರೆ ಬೇರೆ ಕಾಲದಲ್ಲಿ ಹೂ ಬಿಡುವ ಐದಾರು ಬಗೆಗಳನ್ನು ಗುಂಪುಗುಂಪಾಗಿ ನೆಟ್ಟರೆ ನೋಟವೂ ಚೆನ್ನ, ಒಂದು ಸೋತರೆ ಇನ್ನೊಂದು ಜಾಗ ತುಂಬುತ್ತದೆ. ಕಣಗಿಲೆಯಂಥ ವಿಷದ ಗಿಡವನ್ನು ಮಕ್ಕಳ ಕೈಗೆ ಸಿಗುವ ದಾರಿಯಂಚಿನಲ್ಲಿ ನೆಡಬಾರದು.

ಒಂದು ಮಡಿ ಮಳೆನೀರಿನದ್ದಾಗಿರಲಿ. ನೂರು ಚದರ ಮೀಟರ್ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್. ಪಕ್ಕದ ಕಟ್ಟಡದ ಕೊಳವೆಯನ್ನು ಒಂದು ಗೇಣು ಆಳದ ತಗ್ಗಿಗೆ ತಿರುಗಿಸಿ, ತಗ್ಗಿನ ನಡುವೆ ನೀರನ್ನು ತಾಳುವ, ಅಂಚಿನಲ್ಲಿ ಒಣಗನ್ನು ತಾಳುವ ಗಿಡಗಳನ್ನು ಹಾಕಿ. ನೀರು ಒಂದೆರಡು ದಿನದೊಳಗೆ ಪೂರ್ತಿ ಇಂಗಬೇಕು, ಇಲ್ಲವಾದರೆ ತೋಟ ಸೊಳ್ಳೆ ಸಾಕಿದ ಹಾಗಾಗುತ್ತದೆ.

ಕೃತಕ ಹುಲ್ಲು ಮತ್ತು ಬರಿಯ ಜಲ್ಲಿಯ ಬಗ್ಗೆ ಸಂದರ್ಶಕರು ಕೇಳಿಯೇ ಕೇಳುತ್ತಾರೆ. ಎರಡಕ್ಕೂ ಒಂದೊಂದು ಚಾಪೆಯಷ್ಟು ಜಾಗ ಕೊಟ್ಟು, ಪಕ್ಕದಲ್ಲಿ ನೆಲದ ಬಿಸಿ ಅಳೆಯುವ ಉಪಕರಣವನ್ನು ತೂಗುಹಾಕಿದರೆ ಸಾಕು. ಸುಡುಬಿಸಿಲಿನ ಮಧ್ಯಾಹ್ನ ಕೃತಕ ಹುಲ್ಲಿನ ಮೈ 60 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ನೀರುಂಡ ಹುಲ್ಲು, ನೆಲಹಿಪ್ಪಲಿ ಅದಕ್ಕಿಂತ ಬಹಳ ತಂಪಾಗಿರುತ್ತವೆ. ನೀರು ಉಳಿಯಿತೆಂದು ಅಂಗಳವನ್ನು ಕಾವಲಿ ಮಾಡಿಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ.

ಹನಿ ನೀರಾವರಿ ಮತ್ತು ಹೊದಿಕೆ

ಹನಿ ಕೊಳವೆಗೆ ಮೊದಲು ಒಂದು ಸೋಸುಕ, ಅದರ ಮುಂದೆ ಒತ್ತಡವನ್ನು ಸುಮಾರು ಒಂದು ಬಾರ್‌ಗೆ ಇಳಿಸುವ ನಿಯಂತ್ರಕ ಇರಲೇಬೇಕು. ಗಂಟೆಗೆ ಎರಡು ಲೀಟರ್ ತೊಟ್ಟಿಕ್ಕಿಸುವ ಡ್ರಿಪ್ಪರ್‌ಗಳನ್ನು ಮರಳುಮಣ್ಣಿನಲ್ಲಿ 30 ಸೆಂಟಿಮೀಟರ್, ಜೇಡಿಮಣ್ಣಿನಲ್ಲಿ 45ರಿಂದ 60 ಸೆಂಟಿಮೀಟರ್ ಅಂತರದಲ್ಲಿಡಿ. ಜೇಡಿಯಲ್ಲಿ ನೀರು ಅಡ್ಡಕ್ಕೆ ಹರಡುತ್ತದೆ, ಮರಳಿನಲ್ಲಿ ನೇರ ಕೆಳಗಿಳಿಯುತ್ತದೆ. ನಮ್ಮ ಮೊದಲ ಪ್ರಯತ್ನದಲ್ಲಿ ದುಡ್ಡು ಉಳಿಸಲು ಹುಲ್ಲಿನ ಸ್ಪ್ರಿಂಕ್ಲರಿಗೂ ಪೊದೆಗಳ ಹನಿ ಕೊಳವೆಗೂ ಒಂದೇ ವಾಲ್ವ್ ಇಟ್ಟಿದ್ದೆವು. ಹುಲ್ಲಿಗೆ ಬೇಕಾದಷ್ಟು ಸಲ ನೀರು ಬಿಟ್ಟಾಗಲೆಲ್ಲ ಪೊದೆಗಳ ಬುಡವೂ ತೊಯ್ದು, ಒಂದು ಋತುವಿನಲ್ಲಿ ಮೂರನೆಯ ಒಂದು ಪಾಲು ಗಿಡಗಳು ಬೇರು ಕೊಳೆತು ಸತ್ತವು. ಬಂದವರೆಲ್ಲ ‘ನೀರು ಸಾಲಲಿಲ್ಲ’ ಎಂದು ಮರುಗಿದರು. ನಿಜವಾಗಿ ಆದದ್ದು ಅದಕ್ಕೆ ತದ್ವಿರುದ್ಧ.

ನೆಟ್ಟ ಮೇಲೆ ಮಣ್ಣು ಕಾಣದಂತೆ ಐದರಿಂದ ಎಂಟು ಸೆಂಟಿಮೀಟರ್ ದಪ್ಪಕ್ಕೆ ಮರದ ಚಕ್ಕೆ, ತರಗೆಲೆ ಅಥವಾ ಸಣ್ಣ ಜಲ್ಲಿ ಹೊದಿಸಿ. ಕಾಂಡದ ಸುತ್ತ ಒಂದು ಅಂಗೈ ಅಗಲ ಬಿಡಬೇಕು.

ಫಲಕಗಳು ಮತ್ತು ಮುಂದಿನ ವರ್ಷಗಳು

ಫಲಕದಲ್ಲಿ ಗಿಡದ ಆಡುಮಾತಿನ ಹೆಸರು, ಶಾಸ್ತ್ರೀಯ ಹೆಸರು, ಬೆಳೆಯುವ ಎತ್ತರ, ತುಳಿತ ತಾಳುತ್ತದೆಯೇ, ನೆಟ್ಟ ತಿಂಗಳು, ಕಳೆದ ವಾರ ಈ ಮಡಿಗೆ ಹೋದ ನೀರು ಇಷ್ಟಿದ್ದರೆ ಸಾಕು. ಕೊನೆಯ ಅಂಕಿಯನ್ನು ಸುಣ್ಣದ ಕಡ್ಡಿಯಿಂದ ಬರೆಯುವ ಕಪ್ಪುಹಲಗೆಯಲ್ಲಿಡಿ. ಅಚ್ಚಾದ ಅಂಕಿ ಹಳೆಯದೆಂದು ಎಲ್ಲರಿಗೂ ಗೊತ್ತು. ನೀರಿನ ಜೊತೆಗೆ ಪ್ರತಿ ಮಡಿಗೆ ತಗಲಿದ ಕೆಲಸದ ಗಂಟೆಗಳನ್ನೂ ಬರೆಯಿರಿ. ಮೊದಲ ವರ್ಷ ಪೊದೆಗಳ ಮಡಿಯಲ್ಲಿ ಕಳೆ ಕೀಳುವ ಗಂಟೆಗಳು ಹುಲ್ಲು ಕತ್ತರಿಸುವ ಗಂಟೆಗಳನ್ನು ಮೀರಬಹುದು. ಅದನ್ನು ಮುಚ್ಚಿಡಬಾರದು, ಮನೆಗೆ ಹೋಗಿ ಅದೇ ಕೆಲಸ ಮಾಡುವವರು ಆರನೆಯ ತಿಂಗಳಲ್ಲಿ ಕೈಚೆಲ್ಲದಿರಲು ಈ ಅಂಕಿ ಬೇಕು.

ಬರಸಹಿಷ್ಣು ಗಿಡವೂ ನೆಟ್ಟ ದಿನದಿಂದಲೇ ಬರವನ್ನು ಸಹಿಸುವುದಿಲ್ಲ. ಬೇರು ಆಳಕ್ಕಿಳಿಯುವ ತನಕ, ಅಂದರೆ ಒಂದರಿಂದ ಎರಡು ವರ್ಷ, ಅದಕ್ಕೆ ಕ್ರಮವಾಗಿ ನೀರು ಬೇಕು. ಮೊದಲ ವಾರಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ, ಆಮೇಲೆ ಅಂತರವನ್ನು ಹೆಚ್ಚಿಸುತ್ತ, ಪ್ರತಿ ಸಲ ಆಳವಾಗಿ. ಮಳೆಗಾಲ ಶುರುವಾಗುವ ಹೊತ್ತಿಗೆ ನೆಟ್ಟರೆ ಈ ಹೊರೆ ಅರ್ಧಕ್ಕಿಳಿಯುತ್ತದೆ. ತೋಟ ತುಂಬಿ ಬರಲೆಂದು ಎರಡು ವರ್ಷ ಬಾಗಿಲು ಮುಚ್ಚಿಡುವವರಿದ್ದಾರೆ. ನೆಟ್ಟ ವಾರವೇ ತೆರೆಯುವುದು ಲೇಸೆಂದು ನನ್ನ ಅಭಿಪ್ರಾಯ. ನಾಲ್ಕು ಮೂಲೆಗಳಲ್ಲಿ ಗೂಟ ನೆಟ್ಟು, ಅಲ್ಲಿಂದಲೇ ತಿಂಗಳಿಗೊಂದು ಫೋಟೊ ತೆಗೆದು ದಾರಿಯ ಪಕ್ಕದಲ್ಲಿ ಸಾಲಾಗಿ ಹಚ್ಚಿದರೆ, ಬೋಳು ನೆಲ ತುಂಬಿಕೊಂಡ ಬಗೆ ಯಾವಾಗ ಬಂದವರಿಗೂ ಕಾಣುತ್ತದೆ. ಸತ್ತ ಗಿಡವನ್ನು ರಾತ್ರೋರಾತ್ರಿ ಬದಲಾಯಿಸಬೇಡಿ. ಅದರ ಹೆಸರಿನ ಫಲಕವನ್ನು ಅಲ್ಲಿಯೇ ಬಿಟ್ಟು, ಸತ್ತ ತಿಂಗಳು, ಕಾರಣ, ಅದರ ಜಾಗಕ್ಕೆ ಬಂದ ಹೊಸ ಗಿಡದ ಹೆಸರು, ಈ ಮೂರನ್ನು ಕೆಳಗೆ ಬರೆಯಿರಿ.